ಮೊಳೆ ಯಜಮಾನರು

ಗಂಡನಿಲ್ಲದವಳಿಗೆ ಬಾಡಿಗೆ ಮನೆ ಕೊಡುವುದಿಲ್ಲವೆಂದು ಇಡೀ ಬೀದಿಯೇ ಬಾಗಿಲು ಹಾಕಿಕೊಂಡ ದಿನ, ಸೊಪ್ಪಿನವಳು ಬುಟ್ಟಿ ಇಳಿಸಿ ಅವರ ಸುದ್ದಿ ಹೇಳಿದಳು: “ಮೊಳೆ ಯಜಮಾನ್ರ ಹತ್ರ ಹೋಗಕ್ಕ. ಗಂಡ ಎಲ್ಲಿ ಅಂತ ಕೇಳಲ್ಲ, ಗೋಡೆಗೆ ಮೊಳೆ ಹೊಡೀತೀಯಾ ಅಂತ ಮಾತ್ರ ಕೇಳ್ತಾರೆ.” ಹಾಗೇ ಆಯಿತು. ಹೊಡೆಯುವುದಿಲ್ಲ ಎಂದೆ, ಬೀಗದ ಕೈ ಕೊಟ್ಟರು. ಸಾಲಾಗಿದ್ದ ನಾಲ್ಕು ಮನೆಗಳನ್ನೂ ಅವರು ಕೂಸುಗಳಂತೆ ನೋಡಿಕೊಳ್ಳುತ್ತಿದ್ದರು. ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ನಾವು ಹೇಳುವ ಮೊದಲೇ ಪಾನಾ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಬಾಡಿಗೆ ತಡವಾದರೆ ಒಮ್ಮೆ ಕೆಮ್ಮಿ ಸುಮ್ಮನಾಗುವವರು, ಗೋಡೆಗೆ ಮೊಳೆ ಬಿದ್ದರೆ ತಮ್ಮ ಬೆನ್ನಿಗೇ ಚುಚ್ಚಿದಂತೆ ಕೂಗುತ್ತಿದ್ದರು. ಅವರ ಭಯಕ್ಕೆ ಪಕ್ಕದ ಮನೆಯ ಮೇಷ್ಟರು ಕ್ಯಾಲೆಂಡರನ್ನು ಹಾಸಿಗೆಯ ಕೆಳಗಿಟ್ಟುಕೊಂಡು ತಾರೀಖು ನೋಡುತ್ತಿದ್ದರು. ಅಂಥವರು ಒಂದು ದಿನ ನಲ್ಲಿ ಸರಿಮಾಡಲು ಬಂದಾಗ, ನನ್ನ ಗಂಡನ ಫೋಟೋ ಹಿಟ್ಟಿನ ಡಬ್ಬಿಗೆ ಒರಗಿ ನಿಂತಿದ್ದನ್ನು ಕಂಡರು. ಹೋಗಿ ಸುತ್ತಿಗೆ ತಂದು, ತಾವೇ ಗೋಡೆಗೆ ಮೊಳೆ ಹೊಡೆದು ಫೋಟೋ ತೂಗುಹಾಕಿ, “ಗೋಡೆ ತಡ್ಕೊಳ್ಳುತ್ತೆ ಬಿಡಿ ತಾಯಿ” ಎಂದರು. ಕೊನೆಗೆ ಹಾಸಿಗೆ ಹಿಡಿದಾಗ ನನ್ನನ್ನೇ ಕರೆಸಿ, ಖಾಲಿ ಮನೆಯ ಬೀಗದ ಕೈಯನ್ನು ನನ್ನ ಕೈಗಿಟ್ಟರು: “ನಾಳೆ ಒಬ್ಬಳು ಹೆಣ್ಣುಮಗಳು ಮನೆ ಕೇಳ್ಕೊಂಡು ಬರ್ತಾಳೆ, ಅವಳಿಗೂ ಗಂಡ ಇಲ್ಲ. ನೀವೇ ಮಾತಾಡಿ ಮನೆ ಕೊಡಿ ತಾಯಿ. ಮೊಳೆ ವಿಷಯ ಮಾತ್ರ ಎತ್ತಬೇಡಿ.”