ಅಜ್ಜಿಯ ಅಂಗೈಗೆ ಹಚ್ಚಿದ ಸಾರು

ಆಗೆಲ್ಲ ಸಾದಲಿ ಕಡೆಯ ನಮ್ಮೂರಲ್ಲಿ ಮನುಷ್ಯರಿಗೂ ರೇಷ್ಮೆ ಹುಳುಗಳಿಗೂ ಒಂದೇ ಸೂರು. ನಡುಮನೆಯ ತುಂಬ ಹುಳುವಿನ ತಟ್ಟೆಗಳು, ಗೋಡೆಯಂಚಿಗೆ ನಮ್ಮ ಹಾಸಿಗೆಗಳು. ಸುಣ್ಣ, ಬ್ಲೀಚಿಂಗ್ ಪೌಡರು, ಬಾಡಿದ ಹಿಪ್ಪುನೇರಳೆ ಸೊಪ್ಪು, ಅಜ್ಜಿಯ ಒದ್ದೆ ಸೀರೆ: ಮನೆಯ ವಾಸನೆಯೆಂದರೆ ನನಗೆ ಇಷ್ಟೇ. ಹುಳು ಮೇಯುವ ಸದ್ದು ಮಳೆಯ ಹಾಗಿರುತ್ತದೆ ಎನ್ನುತ್ತಾರೆ. ನನಗೆ ಮಾತ್ರ ಕತ್ತಲಲ್ಲಿ ಯಾರೋ ಕದ್ದು ತಿನ್ನುತ್ತಿರುವ ಹಾಗೆ ಕೇಳುತ್ತಿತ್ತು. ಆಗಲೇ ಹಾಗೆ ಕೇಳುತ್ತಿತ್ತೋ, ಮುಂದೆ ನಡೆದದ್ದು ಗೊತ್ತಿರುವುದರಿಂದ ಈಗ ಹಾಗನ್ನಿಸುತ್ತದೋ, ಹೇಳಲಾರೆ.

ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಮರೆವು ಹಿಡಿದಿತ್ತು. ಹಗಲು ಜಗಲಿಯ ಮೇಲೆ ಹೇಗೋ ಕಳೆಯುತ್ತಿತ್ತು. ಕತ್ತಲಾದರೆ ಎದ್ದು ಎಲ್ಲಿಗೋ ಹೊರಡುತ್ತಿದ್ದಳು. ಅದಕ್ಕೆ ಅವಳ ಸೆರಗಿನ ತುದಿಯನ್ನು ನನ್ನ ಲಂಗದ ಲಾಡಿಗೆ ಗಂಟು ಹಾಕಿ ಮಲಗಿಸುತ್ತಿದ್ದರು. ಲಾಡಿ ಎಳೆದರೆ ನಾನು ಎದ್ದು ಅಮ್ಮನನ್ನು ಕೂಗಬೇಕು. ಅಮ್ಮ ಹೇಗಿದ್ದರೂ ಹುಳುಗಳಿಗೆ ಸೊಪ್ಪು ಹಾಕುತ್ತ ಎಚ್ಚರವಾಗಿಯೇ ಇರುತ್ತಿದ್ದಳು.

ಆ ಬೇಸಿಗೆಯಲ್ಲಿ ಅಮ್ಮ ಅಜ್ಜಿಯ ರಾತ್ರಿಯೂಟ ನಿಲ್ಲಿಸಿದಳು.

"ಉಂಡ್ರೆ ನೀರು ಕುಡೀತಾರೆ, ಕುಡಿದ್ರೆ ಹಾಸಿಗೆ ಒದ್ದೆ. ನಾನು ಹುಳ ನೋಡ್ಲಾ, ಇವರ ಬಟ್ಟೆ ಒಗೀಲಾ?"

ಅಪ್ಪ ಸೊಪ್ಪು ಕತ್ತರಿಸುತ್ತಿದ್ದವರು ತಲೆ ಎತ್ತಲಿಲ್ಲ. "ಮಧ್ಯಾಹ್ನವೇ ಒಂದು ಮುದ್ದೆ ಜಾಸ್ತಿ ಹಾಕು" ಎಂದರು.

ಕತ್ತಲಾದರೆ ಅಜ್ಜಿಯ ಬಾಯಿಗೆ ಆಗಾಗ ತವರಿನ ತೆಲುಗು ಬರುತ್ತಿತ್ತು. "ನೇನು ತಿನ್ನಾನಾ?" ಎನ್ನುತ್ತಿದ್ದಳು. ನಾನು ಉಂಡೆನಾ, ಎಂದು.

"ಆಗ್ಲೇ ಉಂಡ್ರಲ್ಲ ಅತ್ತೆ."

ಅಜ್ಜಿ ಬಲಗೈಯನ್ನು ಮೂಗಿಗೆ ಹಿಡಿದು ಮೂಸುತ್ತಿದ್ದಳು. ತನ್ನ ನೆನಪನ್ನು ನಂಬಬಾರದೆಂದು ಅವಳಿಗೆ ಗೊತ್ತಿತ್ತು, ಕೈಯನ್ನು ನಂಬುತ್ತಿದ್ದಳು. "ಸುಳ್ಳು ಕಣೇ. ಮುದ್ದೆ ವಾಸ್ನೆ ಇಲ್ಲ, ಸಾರಿನ ವಾಸ್ನೆ ಇಲ್ಲ. ಯಾರಮ್ಮ ನೀನು, ನನ್ನ ಮನೇಲಿ ನಂಗೇ ಅನ್ನ ಇಕ್ಕದೋಳು?"

ಒಂದು ಸಂಜೆ ಅಮ್ಮ ಸಾರಿನ ಪಾತ್ರೆಯಲ್ಲಿ ಬೆರಳದ್ದಿಕೊಂಡು ಬಂದಳು. ಅಜ್ಜಿಯ ಅಂಗೈ ಬಿಡಿಸಿ, ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಮೆಲ್ಲಗೆ ತಿಕ್ಕಿದಳು. ಅಷ್ಟು ಮೃದುವಾಗಿ ಅವಳು ಅಜ್ಜಿಯನ್ನು ಮುಟ್ಟಿದ್ದನ್ನು ನಾನು ಬೇರೆಂದೂ ನೋಡಿದ ನೆನಪಿಲ್ಲ.

"ಈಗ ಮೂಸಿ ನೋಡಿ."

ಅಜ್ಜಿ ಮೂಸಿದಳು. ಬೆಳ್ಳುಳ್ಳಿ ಒಗ್ಗರಣೆಯ ಹುರುಳಿ ಸಾರು. ಮುಖ ಸಡಿಲಾಯಿತು. "ಹೌದಮ್ಮ, ಉಂಡಿದೀನಿ. ಹಾಳು ಮರೆವು ನೋಡು" ಎಂದು ಮಲಗಿದಳು. ಅಂದಿನಿಂದ ದಿನಾ ಅದೇ ಊಟ. ನನ್ನ ತಮ್ಮ ಅದನ್ನೊಂದು ಆಟ ಮಾಡಿಕೊಂಡ. ಕೈ ಮೂಸಿ, ಹೊಟ್ಟೆ ಸವರಿ ಡರ್ರೆಂದು ತೇಗುವುದು. ಅಜ್ಜಿಯ ಎದುರೇ ಆಡುತ್ತಿದ್ದ, ಅವಳೂ ನಗುತ್ತಿದ್ದಳು.

ಹುಳುಗಳು ಕಡೇ ಹಂತಕ್ಕೆ ಬಂದವು. ಆ ವಾರ ನಮ್ಮ ಮನೆಯಲ್ಲಿ ಒಗ್ಗರಣೆ ಹಾಕುವಂತಿರಲಿಲ್ಲ, ಘಾಟಿಗೆ ಹುಳು ಮೇವು ಬಿಡುತ್ತವೆಂದು. ಆ ನೇಮ ಮಾಡಿದವಳು ಅಜ್ಜಿಯೇ. ಮೊದಲ ದಿನ ಅಂಗೈ ಮೂಸಿದವಳು ಮತ್ತೊಮ್ಮೆ ಮೂಸಿದಳು. ಈಗ ಗಲಾಟೆಯಾಗುತ್ತದೆ ಅಂದುಕೊಂಡೆ.

"ಒಗ್ಗರಣೆ ಇಲ್ಲ. ಹುಳ ಕೊನೇ ಮೇವಿಗೆ ಬಂದವಾ?"

"ಬಂದವೆ ಅತ್ತೆ."

"ಮತ್ತೆ ನನ್ನ ಊಟ ಅಂತ ಯಾಕೆ ಒದ್ದಾಡ್ತೀಯ? ಅವು ಉಣ್ಣಲಿ. ಅವು ಉಂಡ ಮೇಲೆ ನಂಗಿಕ್ಕು."

ಹುಳುಗಳು ಆ ವಾರ ಹಗಲೂ ರಾತ್ರಿ ಮೇಯುತ್ತವೆ, ಉಂಡು ಮುಗಿಯಿತು ಎಂಬುದೇ ಇಲ್ಲ. ಅಜ್ಜಿ ಗೋಡೆಗೊರಗಿ ಕೂತು ಆಗಾಗ ಕೇಳುವಳು: "ಉಂಡವಾ?" ಅಮ್ಮ ಸೊಪ್ಪು ಹರಡುತ್ತಲೇ, "ಇನ್ನೂ ಇಲ್ಲ." ಒಮ್ಮೆ ಅಮ್ಮ ನನ್ನತ್ತ ತಿರುಗಿ ಅಂದಳು, "ನೋಡಿದ್ಯಾ, ಈಗ ಸಾರೂ ಉಳೀತು." ಅವಳ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಅದನ್ನೂ ಬರೆಯಬೇಕು.

ಮೇವು ಮುಗಿಸಿ ಹುಳು ಹಣ್ಣಾದ ದಿನ ಎಲ್ಲವನ್ನೂ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳಿಗೆ ಬಿಟ್ಟೆವು. ಸಂಜೆ ಮತ್ತೆ ಒಗ್ಗರಣೆ ಚಟಗುಟ್ಟಿತು. ಅಮ್ಮ ಯೋಚಿಸದೆ, ರೂಢಿಯಿಂದ, ಅಜ್ಜಿಯ ಅಂಗೈಗೆ ಸಾರು ಹಚ್ಚಿ ಹೋದಳು. ನಾವು ಊಟಕ್ಕೆ ಕೂತಾಗ ಅಪ್ಪ ಗೋಡೆಯ ಕಡೆ ನೋಡಿದರು. ಅಜ್ಜಿಯ ಕೆನ್ನೆಗಳು ಒಳಗೆ ಹೋಗಿದ್ದವು.

"ಅಮ್ಮಂಗೂ ಇಕ್ಕೇ. ಬೆಳಗ್ಗೆ ಬಟ್ಟೆ ಬೇಕಾದ್ರೆ ನಾನು ಒಗೀತೀನಿ."

ಅಮ್ಮ ಬಿಸಿ ಮುದ್ದೆ, ಸಾರು ತಂದು ಮುಂದಿಟ್ಟಳು. ಅಜ್ಜಿ ತಟ್ಟೆ ನೋಡಿದಳು, ಅಂಗೈ ಮೂಸಿದಳು, ತಟ್ಟೆಯನ್ನು ಹಿಂದಕ್ಕೆ ಸರಿಸಿದಳು.

"ನಂದಾಯ್ತಲ್ಲಮ್ಮ."

"ಇಲ್ಲ ಅತ್ತೆ, ನಿಜವಾಗ್ಲೂ ಉಂಡಿಲ್ಲ ನೀವು."

"ಮರೆವು ನಂಗಲ್ಲ ಕಣೇ, ನಿಂಗೆ." ಅಜ್ಜಿ ನಕ್ಕು ಕೈಯನ್ನು ಅಮ್ಮನ ಮೂಗಿಗೇ ಹಿಡಿದಳು. "ನೋಡು. ನೀನೇ ಕೂತ್ಕೊಂಡು ಉಣ್ಣು, ನಿದ್ದೆಗೆಟ್ಟಿದೀಯ."

ಅಮ್ಮ ತುತ್ತು ಮುರಿದು ಬಾಯಿಗೆ ಒತ್ತಿದಳು. ಅಜ್ಜಿ ತುಟಿ ಬಿಗಿದುಕೊಂಡಳು. ಸಾರು ಗಲ್ಲದಿಂದ ಇಳಿದು ಕುತ್ತಿಗೆಗೆ ಹರಿಯಿತು. ಅಪ್ಪ ಎದ್ದು ಹೊರಗೆ ಹೋದರು. ಮಾರನೆಯ ದಿನವೂ, ಅದರ ಮಾರನೆಯ ದಿನವೂ ರಾತ್ರಿಯ ತಟ್ಟೆ ಹಾಗೇ ವಾಪಸಾಯಿತು. ಈಗ ಕೈ ತೊಳೆಸಿ ತಂದರೂ, ಅಮ್ಮ ತರುವ ತಟ್ಟೆಯೆಂದರೆ ಅಜ್ಜಿ ಬಾಯಿ ಬಿಡುತ್ತಿರಲಿಲ್ಲ. ಮುಂದಿನ ಬೆಳೆಯ ಹುಳು ತರುವ ಮುಂಚೆ ಅವಳು ತೀರಿಕೊಂಡಳು.

ಈಗ ಊರಲ್ಲಿ ಹುಳುವಿಗೆ ಬೇರೆ ಶೆಡ್ಡಿದೆ. ನಡುಮನೆಯಲ್ಲಿ ಸೋಫಾ ಇದೆ. ಅತ್ತೆಯನ್ನು ಕಡೆಯತನಕ ಕೈಯಾರೆ ಉಣಿಸಿ ಸಾಕಿದೆ ಎಂದು ಅಮ್ಮ ನೆಂಟರೆದುರು ಹೇಳುತ್ತಾಳೆ. ಅದು ಸುಳ್ಳಲ್ಲ, ಉಣಿಸಲು ಹೋದದ್ದನ್ನು ನಾನೇ ನೋಡಿದ್ದೇನೆ. ಸಾರು ಹಚ್ಚಿದ ನೆನಪು ತಮ್ಮನಿಗೆ ಇಲ್ಲವೇ ಇಲ್ಲ. ನನಗಿರುವುದು ನೆನಪೇ, ಕಟ್ಟಿಕೊಂಡದ್ದೇ ಎಂದು ಎಷ್ಟೋ ಸಲ ಅನುಮಾನಪಟ್ಟಿದ್ದೇನೆ. ಆದರೆ ನಮ್ಮ ಕಡೆ ಊರಿಗೆ ಫೋನ್ ಮಾಡಿದ ಮಕ್ಕಳೆಲ್ಲ ಮೊದಲು ಕೇಳುವ ಮಾತು "ಊಟ ಆಯ್ತಾಮ್ಮ?" ನಾನು ಅಮ್ಮನನ್ನು ಮಳೆ ಕೇಳುತ್ತೇನೆ, ಮಂಡಿನೋವು ಕೇಳುತ್ತೇನೆ, ಗೂಡಿನ ರೇಟು ಕೇಳುತ್ತೇನೆ. ಅದೊಂದನ್ನು ಇವತ್ತಿನವರೆಗೂ ಕೇಳಲಾಗಿಲ್ಲ.