ಗೋದಾಬಾಯಿ ಕಿತ್ತ ಗೂಟ

ಆ ಗೂಟಗಳನ್ನು ಕೀಳಿಸಿದವನು ನಾನೇ. ನಾಗಪುರದ ನೇಕಾರರ ಓಣಿಗೆ ಚಿತ್ರ ಬರೆದು ಜೀವ ತುಂಬಿದವನೆಂದು ನನ್ನನ್ನು ಹೊಗಳುತ್ತೀರಲ್ಲ — ಸಾಕು ಮಾಡಿ. ಕೇಳಿದರೆ ಮೈಯುರಿಯುತ್ತದೆ.

ಐವತ್ತರ ದಶಕದ ಮಾತು. ನಾನು ಧಾರವಾಡದಿಂದ ಹೋದ ಡ್ರಾಯಿಂಗ್ ಮಾಸ್ತರ. ಓಣಿ ಹಾಳುಬಿದ್ದು ನಾರುತ್ತಿತ್ತು. ನಾವು ನಾಲ್ವರು ಕಲಾವಿದರು ಗೋಡೆಗಳಿಗೆ ಸುಣ್ಣ ಬಳಿದು ಚಿತ್ರ ಬರೆಯಲು ಹೊರಟೆವು. ಅಡ್ಡಬಂದದ್ದು ಗೋಡೆಯ ಬುಡದ ಗೂಟಗಳು. ನೇಕಾರರು ಬೆಳಿಗ್ಗೆ ಓಣಿಯುದ್ದಕ್ಕೂ ಅವುಗಳಿಗೆ ಹಾಸಿನ ನೂಲು, ಅಂದರೆ ಬಟ್ಟೆಯ ಉದ್ದೆಳೆ, ಬಿಗಿದು, ಗಂಜಿ ಹಚ್ಚಿ ಒಣಗಿಸುತ್ತಿದ್ದರು. ಅದಿಲ್ಲದೆ ಮಗ್ಗ ನಡೆಯದು. ಅಲ್ಲಿ ತಮಗೆ ಹಕ್ಕಿದೆ ಎನ್ನಲು ಅವರಿಗಿದ್ದ ಪುರಾವೆಯೂ ಅಜ್ಜಂದಿರು ಹೊಡೆದ ಆ ಗೂಟಗಳೇ.

ಜಾಗದ ಯಜಮಾನ ನನ್ನೊಬ್ಬನನ್ನೇ ಕರೆದು ಹಿಂದಿಯಲ್ಲಿ ಹೇಳಿದ್ದ: "ಚಿತ್ರದ ನೆಪದಲ್ಲಿ ಗೂಟ ತೆಗೆಸಿ, ಮಾಸ್ಟರ್‌ಜಿ. ಮತ್ತೆ ಹೊಡೆಯೋಕೆ ನಾನು ಬಿಡಲ್ಲ." ಪ್ರತಿಯಾಗಿ ಊರಿನ ಅನುಕೂಲಸ್ಥರ ಬಡಾವಣೆ ಧರಮಪೇಠದಲ್ಲಿ ಒಳ್ಳೆಯ ಬೆಳಕಿನ ಒಂದು ಕೋಣೆ, ನನ್ನ ಚಿತ್ರಗಳಿಗೆ. ನಾನು — ಒಪ್ಪಿದೆ. ಜೊತೆಗಾರರಿಗೂ ಬಾಯಿಬಿಡಲಿಲ್ಲ.

ಎಂಟು ದಿನ ಬಿಟ್ಟು ಮತ್ತೆ ಹೊಡೆದುಕೊಳ್ಳಿ ಎಂದರೂ ನೇಕಾರರು ಗೂಟ ಮುಟ್ಟಗೊಡಲಿಲ್ಲ. ಆಗ ಗೋದಾಬಾಯಿ ಎದ್ದಳು. ಗದಗಿನಿಂದ ಆ ಓಣಿಗೆ ಸೊಸೆಯಾಗಿ ಬಂದವಳು. ನಮ್ಮ ಕಡೆಯವನೆಂದು ಭಾನುವಾರ ನನಗೆ ರೊಟ್ಟಿ ಬಡಿದು ಹಾಕುತ್ತಿದ್ದವಳು.

"ಎಂಟು ದಿನಾ ಅಷ್ಟ ಅಲ್ಲೇನ್ರಿ, ಮಾಸ್ತರ?"

"ಎಂಟೇ ದಿನ," ಅಂದೆ.

ನನ್ನ ಮಾತಿಗೆ ತಾನು ಜಾಮೀನು ಎಂದು ನೆರೆಯವರಿಗೆ ಮರಾಠಿಯಲ್ಲಿ ಹೇಳಿ, ತನ್ನ ಗೂಟವನ್ನು ಮೊದಲು ತಾನೇ ಕಿತ್ತಳು. ಉಳಿದವರೂ ಕಿತ್ತರು.

ಓಣಿ ಚೆಂದವಾಯಿತು. ಪತ್ರಿಕೆಯವರು ಬಂದು ಹೋದರು. ಒಂಬತ್ತನೆಯ ದಿನ ಯಜಮಾನ ತಂತಿಬೇಲಿ ಹಾಕಿಸಿದ. ಹಾಸು ಬಿಗಿಯಲು ಜಾಗವಿಲ್ಲದೆ ಮಗ್ಗಗಳು ಒಂದೊಂದಾಗಿ ನಿಂತವು. ಹಲವರು ಊರಾಚೆ ಕನ್ಹಾನ್ ಗಣಿಗಳ ಕಡೆ ಕೂಲಿಗೆ ಹೋದರು. ಸಿಟ್ಟೆಲ್ಲ ಗೋದಾಬಾಯಿಯ ಮೇಲೆ ತಿರುಗಿತು. ಯಜಮಾನನ ಕಡೆಯವಳು, ಬೇಕೆಂದೇ ಕೀಳಿಸಿದಳು ಎಂದರು. ನಲ್ಲಿಯ ಬಳಿ ಅವಳ ಕೊಡ ಒದ್ದರು — ನಾನು ಅಲ್ಲೇ ನಿಂತಿದ್ದೆ.

"ನೀವಾರ ಹೇಳ್ರಿ, ಮಾಸ್ತರ. ನನಗೇನೂ ಗೊತ್ತಿರಲಿಲ್ಲ ಅಂತ ಇವರಿಗೆ ಹೇಳ್ರಿ."

"ನನಗೇನು ಗೊತ್ತು?" ಅಂದೆ. ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ.

ಉಂಡ ಮನೆಗೆ ಎರಡು ಬಗೆದೆ. ಧರಮಪೇಠದ ಆ ಕೋಣೆಯಲ್ಲಿ ಕೂತು ಹೆಸರೂ ಮಾಡಿದೆ. ಅವಳು ಬದುಕಿದ್ದಾಳೋ ಇಲ್ಲವೋ — ವಿಚಾರಿಸುವ ಮುಖ ನನಗಿರಲಿಲ್ಲ. ಈಗ ಹೋಗುತ್ತೇನೆ. ಆ ಓಣಿಯವರು ಎಲ್ಲೆಲ್ಲಿ ಚದುರಿದ್ದಾರೋ ಅಲ್ಲಿ ನಿಂತು, ಉಗುಳಿದರೆ ಉಗುಳಿಸಿಕೊಂಡು, ಅವರ ಮರಾಠಿಯಲ್ಲೇ ಹೇಳುತ್ತೇನೆ: ಗೋದಾಬಾಯಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನು.