ದೇವೇಂದ್ರನ ಅವಸರದ ರಾಜ

ದೇವೇಂದ್ರ ಮಂಡ್ಯದ ಕಡೆಯವನು. ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಒಂದು ಸರಕು ಏಜೆನ್ಸಿಯ ಗುಮಾಸ್ತನಾಗಿ ಮೂವತ್ತೊಂದು ವರ್ಷ ದುಡಿದ. ಹಡಗಿನಿಂದ ಇಳಿಯುವ ಮೂಟೆ, ಪೆಟ್ಟಿಗೆಗಳನ್ನು ಎಣಿಸಿ ಕಾಗದದ ಮೇಲೆ ಗೀಟು ಎಳೆಯುವುದು ಅವನ ಕೆಲಸ. ನಾನು ಬೆಹಾಲಾದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಅವನ ಮಗಳು ಇಂಚರ ನನ್ನ ಶಿಷ್ಯೆ. ಈ ಬಂಗಾಳಿ ಊರಿನಲ್ಲಿ ಕನ್ನಡ ಮಾತನಾಡುವವರು ಒಂದೇ ಬೀದಿಯಲ್ಲಿ ಇಬ್ಬರು ಸಿಕ್ಕಿದರೆ ಸ್ನೇಹವಾಗದೆ ಇರುವುದು ಕಷ್ಟ. ನಮಗೂ ಹಾಗೆಯೇ ಆಯಿತು.

ಆದರೆ ಅವನ ನಿಜವಾದ ಜೊತೆಗಾರ ನಾನಲ್ಲ. ಅದೇ ಕಚೇರಿಯಲ್ಲಿ ಅವನ ಪಕ್ಕದ ಮೇಜಿನ ಮಿಹಿರ್ ಬಾಬು. ಇಬ್ಬರೂ ಇಪ್ಪತ್ತೆರಡು ವರ್ಷ ಜೋಡಿಯಾಗಿ ಬ್ರಿಜ್ ಆಡಿದವರು. ಬ್ರಿಜ್ ಎಂದರೆ ನಾಲ್ವರ ಇಸ್ಪೀಟಾಟ. ಎದುರುಬದುರು ಕುಳಿತ ಇಬ್ಬರದು ಒಂದು ಜೋಡಿ. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಪಟ್ಟು; ಅದರಲ್ಲಿ ದೊಡ್ಡ ಎಲೆ ಹಾಕಿದವರಿಗೆ ಗೆಲುವು. ಕೈಯಲ್ಲಿ ಏನಿದೆಯೆಂದು ಜೊತೆಗಾರನಿಗೆ ಬಾಯಿಬಿಟ್ಟು ಹೇಳುವಂತಿಲ್ಲ. ಅವನು ಎಸೆದ ಎಲೆಯನ್ನು ನೋಡಿ ಉಳಿದುದನ್ನು ಊಹಿಸಿಕೊಳ್ಳಬೇಕು. ಹಡಗುಕಟ್ಟೆಯ ಗೋದಾಮಿನಲ್ಲಿ, ಮೂಟೆಗಳ ಮೇಲೆ, ಮಧ್ಯಾಹ್ನದ ಅರ್ಧ ಗಂಟೆಯ ಬಿಡುವಿನಲ್ಲಿ ದೇವೇಂದ್ರ ಈ ಆಟ ಕಲಿತ. ಅಲ್ಲಿ ಯಾರಿಗೂ ಯೋಚಿಸಲು ಪುರಸೊತ್ತಿರಲಿಲ್ಲ. ಕ್ರೇನು ಮತ್ತೆ ಸದ್ದು ಮಾಡುವುದರೊಳಗೆ ಆಟ ಮುಗಿಯಬೇಕು. ಹೀಗಾಗಿ ದೇವೇಂದ್ರನ ಕೈ ಬಹಳ ಬೇಗ. ಎಲೆಯನ್ನು ಇಡುತ್ತಿರಲಿಲ್ಲ, ಎಸೆಯುತ್ತಿದ್ದ.

ಚಳಿಗಾಲದಲ್ಲಿ ನಮ್ಮ ಪಾಡಾದ ಕ್ಲಬ್ಬಿನವರು, ಎಂದರೆ ನಮ್ಮ ಕೇರಿಯ ಹುಡುಗರು, ಬೀದಿಯಲ್ಲೇ ಶಾಮಿಯಾನ ಹಾಕಿ ಬ್ರಿಜ್ ಪಂದ್ಯ ನಡೆಸುತ್ತಾರೆ. ಇವರಿಬ್ಬರೂ ಪ್ರತಿವರ್ಷ ಹೆಸರು ಕೊಟ್ಟರು, ಪ್ರತಿವರ್ಷ ಮೊದಲ ಸುತ್ತಿನಲ್ಲೇ ಸೋತರು. ಸೋತು ಬಂದು ನನ್ನ ಜಗಲಿಯಲ್ಲಿ ಚಹಾ ಕುಡಿಯುತ್ತ, ಗೆದ್ದವರಿಗಿಂತ ಹೆಚ್ಚು ನಗುತ್ತಿದ್ದರು.

ಎರಡು ವರ್ಷದ ಹಿಂದೆ, ದುರ್ಗಾಪೂಜೆ ಕಳೆದ ವಾರ, ಮಿಹಿರ್ ಬಾಬುವಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಅದಕ್ಕಿಂತ ದೊಡ್ಡದೊಂದು ಹೋಗಿತ್ತು. ಅದು ತಿಳಿಯುವುದು ತಡವಾಯಿತು. ಮುಖಗಳು ಅವರಿಗೆ ನಿಲ್ಲುತ್ತಿರಲಿಲ್ಲ. ಕಣ್ಣು ಚೆನ್ನಾಗಿತ್ತು, ಗಡಿಯಾರ ಓದುತ್ತಿದ್ದರು, ಆದರೆ ಎದುರಿನ ಮುಖ ಯಾರದು, ದನಿ ಯಾರದು ಎಂದು ಗೊತ್ತಾಗುತ್ತಿರಲಿಲ್ಲ. ಅದು ಮರಳುವುದಿಲ್ಲವೆಂದು ವೈದ್ಯರು ಹೇಳಿದರು.

"ನನ್ನನ್ನೇ ದಿನಾ ಬೆಳಿಗ್ಗೆ ಅತಿಥಿ ನೋಡಿದ ಹಾಗೆ ನೋಡ್ತಾರೆ" ಎಂದು ಅವರ ಹೆಂಡತಿ, ನಮಗೆಲ್ಲ ಅತ್ತಿಗೆಯಾದ ಗೌರಿ ಬೌದಿ ಒಮ್ಮೆ ಹೇಳಿದರು. "ನಾನು ಕೆಮ್ಮಿದರೆ ಗುರುತು ಹಿಡೀತಾರೆ. ಅದಕ್ಕೇ ಈಗ ಸುಮ್ಮಸುಮ್ಮನೆ ಕೆಮ್ತೀನಿ, ಮಾಸ್ಟರ್‌ಮೊಶಾಯ್."

ಇಸ್ಪೀಟು ಮಾತ್ರ ಮರೆತಿರಲಿಲ್ಲ. ಇದನ್ನು ಕಂಡುಹಿಡಿದವನು ದೇವೇಂದ್ರ. ಹಳೆಯ ಸರಕುಪೆಟ್ಟಿಗೆಯ ಹಲಗೆಯೊಂದನ್ನು ತಂದು, ಉದ್ದಕ್ಕೂ ಗೀರು ಕೊರೆದು, ಎಲೆಗಳನ್ನು ಅದರಲ್ಲಿ ನಿಲ್ಲಿಸುವಂತೆ ಮಾಡಿದ. ಈ ಭಾಗ ಮೇಲಕ್ಕಿರಲಿ ಎಂಬ ಬಾಣದ ಗುರುತು ಅದರ ಮೇಲೆ ಹಾಗೆಯೇ ಉಳಿದಿತ್ತು. ಮಿಹಿರ್ ಬಾಬು ಎಡಗೈಯಿಂದ ಎಲೆ ತೆಗೆದು ಹಾಕುತ್ತಿದ್ದರು. ಸಂಜೆ ನಾಲ್ಕಕ್ಕೆ ಅವರ ಮನೆಯಲ್ಲಿ ನಾವು ನಾಲ್ವರೂ ಕೂರುತ್ತಿದ್ದೆವು: ಅವರಿಬ್ಬರು ಒಂದು ಜೋಡಿ, ಗೌರಿ ಬೌದಿ ಮತ್ತು ನಾನು ಇನ್ನೊಂದು. ಮಿಹಿರ್ ಬಾಬುವಿಗೆ ಮಾತಿಲ್ಲದ ಕಾರಣ, ಎಷ್ಟು ಪಟ್ಟು ಗೆಲ್ಲುತ್ತೇವೆಂದು ಮೊದಲೇ ಹರಾಜು ಕೂಗುವುದನ್ನು ಕೈಬಿಟ್ಟು ಬರೀ ಎಲೆ ಆಡುತ್ತಿದ್ದೆವು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಆಟದ ನಡುವೆ ಮಿಹಿರ್ ಬಾಬು ಗಂಟಲಿನಲ್ಲೇ ನಕ್ಕು, "ದೇಬು" ಎಂದರು. ದೇವೇಂದ್ರನನ್ನು ಅವರು ಯಾವಾಗಲೂ ಕರೆಯುತ್ತಿದ್ದ ಹೆಸರು. ಲಕ್ವವಾದ ಮೇಲೆ ಅವರ ಬಾಯಿಂದ ಬಂದ ಮೊದಲ ಹೆಸರು. ದೇವೇಂದ್ರ ಎದ್ದು ಹೋಗಿ ಹಿತ್ತಿಲಿನ ನಲ್ಲಿಯಲ್ಲಿ ಮುಖ ತೊಳೆದು ಬಂದ.

ಅಲ್ಲಿಂದ ಮುಂದೆ ಪ್ರತಿ ಸಂಜೆ ಒಂದೆರಡು ಸಲ ಆ ಹೆಸರು ಬರುತ್ತಿತ್ತು. ಅದಕ್ಕಾಗಿಯೇ ದೇವೇಂದ್ರ ಬದುಕಿದ್ದ ಎಂದರೆ ಹೆಚ್ಚಾಗದು. ಆದರೆ ಯಾವ ಗಳಿಗೆಯಲ್ಲಿ ಬರುತ್ತಿತ್ತೆಂದು ನಾವು ಯಾರೂ ಗಮನಿಸಲಿಲ್ಲ. ಆಟ ಚೆನ್ನಾಗಿ ಬಿದ್ದಾಗ ಸಂತೋಷಕ್ಕೆ ಹೇಳುತ್ತಾರೆ ಎಂದುಕೊಂಡೆವು. ದೇವೇಂದ್ರನೂ ಹಾಗೆಯೇ ನಂಬಿದ.

"ನಾನು ಇನ್ನೂ ಚೆನ್ನಾಗಿ ಆಡಿದ್ರೆ ಇನ್ನೂ ನಾಕು ಮಾತು ಬರಬೋದೇನೋ ಮೇಷ್ಟ್ರೇ" ಎಂದ. "ನಾನು ಆಡೋದು ಮೂಟೆ ಮೇಲೆ ಕಲ್ತ ಆಟ."

ಇಂಚರಳಿಗೆ ಅದು ಸುಲಭದ ಸಂಗತಿ. "ಅಪ್ಪಾ, ಸುಮ್ನೆ ಯಾಕೆ ಗೆಸ್ ಮಾಡ್ತೀರಾ? ಫೋನಲ್ಲಿ ಫುಲ್ ಕೋರ್ಸ್ ಇದೆ, ನಲವತ್ತು ವಿಡಿಯೊ. ಅರ್ಥ ಆಗ್ಲಿಲ್ಲ ಅಂದ್ರೆ ಬ್ಯಾಕ್ ಹೋಗಿ. ಅದ್ರಲ್ಲಿ ಹೇಳ್ಕೊಡೋ ಮನುಷ್ಯ ಮೇಷ್ಟ್ರ ಹಂಗೆ ಬೈಯಲ್ಲ."

ನಾನು ಅಲ್ಲೇ ಕುಳಿತಿದ್ದೆ. ಅವಳು ಹೇಳಿದುದು ನಿಜವೇ ಆಗಿತ್ತು. ಆ ಪಾಠಗಳನ್ನು ನಾನೂ ನೋಡಿದೆ. ದಪ್ಪ ಕನ್ನಡಕದ ಒಬ್ಬ ಮನುಷ್ಯ ಹಸಿರು ಬಟ್ಟೆಯ ಮೇಲೆ ಐವತ್ತೆರಡು ಎಲೆಗಳನ್ನೂ ತೆರೆದಿಟ್ಟು, ಒಂದೊಂದಾಗಿ ಸರಿಸುತ್ತ, ಇದನ್ನು ಹಾಕಿದರೆ ಹೀಗಾಗುತ್ತದೆ, ತಡೆದರೆ ಹೀಗಾಗುತ್ತದೆ ಎಂದು ಎರಡನ್ನೂ ಆಡಿ ತೋರಿಸುತ್ತಿದ್ದ. ಪುಸ್ತಕದಲ್ಲಿ ಮೂರು ಪುಟ ಓದಿದರೂ ತಲೆಗೆ ಹತ್ತದುದು ಹತ್ತು ನಿಮಿಷದಲ್ಲಿ ಕಣ್ಣಿಗೆ ಕಾಣುತ್ತಿತ್ತು. ಮೂವತ್ತೈದು ವರ್ಷ ಪಾಠ ಹೇಳಿದ ನಾನು ಮೂರನೆಯ ಸಲಕ್ಕೇ ತಾಳ್ಮೆ ಕಳೆದುಕೊಂಡವನು. ಆತ ಮೂವತ್ತನೆಯ ಸಲವೂ ಅದೇ ದನಿಯಲ್ಲಿ ಹೇಳುತ್ತಿದ್ದ. ಕಲಿ, ಖಂಡಿತ ಕಲಿ ಎಂದು ದೇವೇಂದ್ರನನ್ನು ಹುರಿದುಂಬಿಸಿದವನು ನಾನು. ಅದನ್ನು ಮುಚ್ಚಿಡುವುದಿಲ್ಲ.

ಅವನು ಒಳ್ಳೆಯ ವಿದ್ಯಾರ್ಥಿ. ಒಂದು ನೋಟುಪುಸ್ತಕ ಕೊಂಡು ಕನ್ನಡದಲ್ಲಿ ಟಿಪ್ಪಣಿ ಬರೆದುಕೊಂಡ. ಏಳನೆಯ ಪಾಠ ನೋಡಿದ ಮರುದಿನ ಬೆಳಿಗ್ಗೆ ನನ್ನ ಮನೆಗೆ ಬಂದ. ಕೂರಲಿಲ್ಲ.

"ಇಪ್ಪತ್ತೆರಡು ವರ್ಷ ನಾನು ರಾಜನ್ನ ಸಾಯ್ಸಿದೀನಿ ಮೇಷ್ಟ್ರೇ."

"ಏನಾಯಿತಯ್ಯ?"

"ಎದುರಾಳಿ ಸಣ್ಣ ಎಲೆ ಹಾಕ್ತಾನೆ, ಮುಂದಿನ ಸರದಿ ನಂದು. ಕೈಯಲ್ಲಿ ರಾಜ ಇದ್ರೆ ತಕ್ಷಣ ಎಸೀತಿದ್ದೆ, ನೋಡಿದೀರಲ್ಲ. ಅದು ತಪ್ಪಂತೆ. ನಾನು ತಡೀಬೇಕಂತೆ. ನಾನು ಎಸೆದ ತಕ್ಷಣ ಅವರ ಎಕ್ಕ ಬಂದು ರಾಜನ್ನ ಹೊಡ್ಕೊಂಡು ಹೋಗತ್ತೆ. ಹನ್ನೊಂದು ನಿಮಿಷದ ವಿಡಿಯೊ. ಅಷ್ಟರಲ್ಲಿ ಅರ್ಥ ಆಗೋ ವಿಷಯ."

"ಮಿಹಿರ್ ಬಾಬುಗೆ ಗೊತ್ತಿರಲಿಲ್ಲವೆ?"

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. "ಗೊತ್ತಿಲ್ದೆ ಇರತ್ತಾ? ನನ್ನ ರಾಜ ಹೇಗೂ ಸಾಯ್ತಾನೆ ಅಂತ ಅವರು ರಾಣಿನ ಕೊನೇವರೆಗೂ ಬಚ್ಚಿಟ್ಕೊಳ್ಳೋರು. ಅದೊಂದರಲ್ಲೇ ನಾವು ಅಷ್ಟಿಷ್ಟು ಪಟ್ಟು ಗೆಲ್ತಿದ್ದಿದ್ದು. ನಾನೇ ಅವರನ್ನ ಜಿಪುಣ ಅಂತ ರೇಗಿಸ್ತಿದ್ದೆ."

"ಒಂದು ಸಲವೂ ಹೇಳಲಿಲ್ಲವೆ?"

"ಒಂದು ಸಲಾನೂ ಇಲ್ಲ."

ಅಂದು ಸಂಜೆ ನಾನು ಸಣ್ಣದೊಂದು ಆಟೀನು ಹಾಕಿದೆ. ನನ್ನ ನಂತರ ದೇವೇಂದ್ರ. ಅವನ ಕೈ ಒಂದು ಕ್ಷಣ ಮೇಲಕ್ಕೆ ಹೋಗಿ ನಿಂತು, ಪಕ್ಕದ ಸಣ್ಣ ಎಲೆಯೊಂದನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟಿತು. ಗೌರಿ ಬೌದಿ ಎಕ್ಕ ಹಾಕಿ ಪಟ್ಟು ಹಿಡಿದರು. ಮುಂದಿನ ಸುತ್ತಿನಲ್ಲಿ ದೇವೇಂದ್ರನ ರಾಜ ಜೀವಂತವಾಗಿ ಬಂದು ಗೆದ್ದ. ಆ ಸಂಜೆ ಅವರು ನಾಲ್ಕು ಆಟ ಆಡಿ ನಾಲ್ಕನ್ನೂ ಗೆದ್ದರು. ಅಂಥದ್ದು ಹಿಂದೆ ಎಂದೂ ಆಗಿರಲಿಲ್ಲ.

"ಏನು ಠಾಕುರ್‌ಪೋ, ಯಾರ ಹತ್ತಿರ ಪಾಠಕ್ಕೆ ಹೋಗ್ತಾ ಇದೀರಿ?" ಎಂದು ಬೌದಿ ಮೈದುನನನ್ನು ಕೆಣಕುವಂತೆ ಕೆಣಕಿದರು.

ಮಿಹಿರ್ ಬಾಬು ನಗಲಿಲ್ಲ. ರಾಣಿಯನ್ನು ಹಲಗೆಯಲ್ಲಿ ಕೊನೆಯವರೆಗೂ ಉಳಿಸಿಕೊಂಡೇ ಇದ್ದರು, ಅದಕ್ಕೀಗ ಕೆಲಸವಿರಲಿಲ್ಲ. ನಾಲ್ಕನೆಯ ಆಟ ಮುಗಿದಾಗ ಬಾಗಿಲ ಕಡೆ ನೋಡಿ, ಬಹಳ ಪ್ರಯಾಸದಿಂದ ಬಂಗಾಳಿಯಲ್ಲಿ ಕೇಳಿದರು: "ದೇಬು ಎಲೋ ನಾ?"

ದೇಬು ಬರಲಿಲ್ಲವೆ?

ಅಷ್ಟು ತಿಂಗಳಲ್ಲಿ ಅವರು ಆಡಿದ ಮೊದಲ ಪೂರ್ತಿ ವಾಕ್ಯ ಅದು.

"ನಾನೇ ಮಿಹಿರ್‌ದಾ. ಇಲ್ಲೇ ಇದೀನಿ" ಎಂದು ದೇವೇಂದ್ರ ಮುಂದಕ್ಕೆ ಬಾಗಿದ. ಮಿಹಿರ್ ಬಾಬು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಮನೆಗೆ ಬಂದ ಅಪರಿಚಿತರಿಗೆ ಮಾಡುವಂತೆ ಎಡಗೈಯನ್ನು ಹಣೆಗೆ ಮುಟ್ಟಿಸಿ ನಮಸ್ಕಾರ ಮಾಡಿದರು.

ಆಗ ನಮಗೆ ಎಲ್ಲವೂ ತಿಳಿಯಿತು. ಗೌರಿ ಬೌದಿಗೆ ಕೆಮ್ಮು ಇದ್ದಂತೆ ದೇವೇಂದ್ರನಿಗೆ ಆ ಅವಸರದ ರಾಜ. ಎಲೆ ಟಪ್ಪೆಂದು ಬಿದ್ದಾಗ, ಬೀಳಬಾರದ ಹೊತ್ತಿನಲ್ಲಿ ಬಿದ್ದಾಗ, ಹೀಗೆ ಆಡುವವನು ಜಗತ್ತಿನಲ್ಲಿ ಒಬ್ಬನೇ ಎಂದು ಅವರು ನಗುತ್ತಿದ್ದರು.

ಇಷ್ಟೇ ತಾನೆ, ಮತ್ತೆ ತಪ್ಪಾಗಿ ಆಡಿದರಾಯಿತು ಎಂದು ನಾನು ಸಮಾಧಾನ ಹೇಳಿದೆ. ಮರುದಿನ ದೇವೇಂದ್ರ ರಾಜನನ್ನು ಮೊದಲೇ ಹಾಕಿದ. ಮಿಹಿರ್ ಬಾಬು ಎಲೆಯನ್ನು ನೋಡಿದರು, ಬಾಗಿಲನ್ನು ನೋಡಿದರು. ಹತ್ತು ದಿನ ಪ್ರಯತ್ನಿಸಿದ. ಮನೆಯಲ್ಲಿ ಒಬ್ಬನೇ ಕುಳಿತು ಎಲೆ ಎಸೆಯುವುದನ್ನು ಅಭ್ಯಾಸ ಮಾಡುತ್ತಾನೆಂದು ಇಂಚರ ಹೇಳಿದಳು.

"ಆಗ್ತಿಲ್ಲ ಮೇಷ್ಟ್ರೇ" ಎಂದ ಒಂದು ದಿನ. "ಮೊದ್ಲು ಎಸೀತಿದ್ದೆ. ಈಗ ಎಸೆಯೋ ಮುಂಚೆ ಇದು ತಪ್ಪು ಅಂತ ತಲೆಗೆ ಬಂದುಬಿಡತ್ತೆ. ಅರೆ ಗಳಿಗೆ ಕೈ ನಿಲ್ಲತ್ತೆ. ಅದು ಅವರಿಗೆ ಗೊತ್ತಾಗತ್ತೆ."

ಅವನ ಹಳೆಯ ಆಟದ ವಿಡಿಯೊ ಎಲ್ಲಾದರೂ ಇದೆಯೇ, ನೋಡಿ ಕಲಿಯಬಹುದಲ್ಲ ಎಂದು ಇಂಚರ ಕ್ಲಬ್ಬಿನ ಹುಡುಗರನ್ನೆಲ್ಲ ವಿಚಾರಿಸಿದಳು. ಫೈನಲಿನ ವಿಡಿಯೊಗಳಿದ್ದವು. ಮೊದಲ ಸುತ್ತಿನಲ್ಲಿ ಸೋತವರ ಆಟವನ್ನು ಯಾರೂ ಹಿಡಿದಿಟ್ಟಿರಲಿಲ್ಲ.

ಲಕ್ವ ಹೊಡೆದ ಮೇಲೆ ಇದು ಮೂರನೆಯ ಚಳಿಗಾಲ. ಬೀದಿಯಲ್ಲಿ ಶಾಮಿಯಾನದ ಬಿದಿರು ನೆಡುತ್ತಿದ್ದಾರೆ. ದೇವೇಂದ್ರ ಈಗಲೂ ನಾಲ್ಕಕ್ಕೆ ಸರಿಯಾಗಿ ಬರುತ್ತಾನೆ, ಎಲೆಗಳನ್ನು ಹಲಗೆಯಲ್ಲಿ ನಿಲ್ಲಿಸಿ ಕೊಡುತ್ತಾನೆ. ಚೆನ್ನಾಗಿ ಆಡುತ್ತಾನೆ; ನಾವು ದಿನವೂ ಸೋಲುತ್ತೇವೆ. ಮೇಜಿನಿಂದ ಏಳುವ ಹೊತ್ತಿಗೆ ಮಿಹಿರ್ ಬಾಬು ಬಾಗಿಲ ಕಡೆ ತಿರುಗಿ ಅದೇ ಪ್ರಶ್ನೆ ಕೇಳುತ್ತಾರೆ. ಮೊದಮೊದಲು ದೇವೇಂದ್ರ ನಾನೇ, ನಾನೇ ಎನ್ನುತ್ತಿದ್ದ. ಈಗ ಎಲೆಗಳನ್ನು ಜೋಡಿಸಿ ಡಬ್ಬಿಗೆ ಹಾಕುತ್ತ, ತಲೆ ಎತ್ತದೆ ಹೇಳುತ್ತಾನೆ:

"ಅವನಿಗೆ ಇವತ್ತು ಕೆಲಸ ಇತ್ತು, ಮಿಹಿರ್‌ದಾ. ನಾಳೆ ಬರ್ತಾನೆ."